ಬಲೆಗೆ ಬಿದ್ದು ಬದುಕಿದವರು

ಆ ಫೋಟೋ ನೀವು ನೋಡೇ ಇರ್ತೀರಿ. ಹನ್ನೊಂದು ಜನ ಕಾರ್ಮಿಕರು ಒಂದು ಉಕ್ಕಿನ ತೊಲೆಯ ಮೇಲೆ ಸಾಲಾಗಿ ಕೂತಿದ್ದಾರೆ. ಕಾಲುಗಳು ಗಾಳಿಯಲ್ಲಿ ಜೋತಾಡುತ್ತಿವೆ. ಮಡಿಲಲ್ಲಿ ಊಟದ ಡಬ್ಬಿ. ಒಬ್ಬ ಇನ್ನೊಬ್ಬನ ಸಿಗರೇಟಿಗೆ ಬೆಂಕಿ ಕೊಡ್ತಿದ್ದಾನೆ. ಕೆಳಗೆ, ಮಂಜಿನಲ್ಲಿ ಮಸುಕಾಗಿ, ನ್ಯೂಯಾರ್ಕ್ ನಗರ. ಕಾಫಿ ಶಾಪ್‌ನ ಗೋಡೆ, ಸಲೂನಿನ ಕನ್ನಡಿ ಪಕ್ಕ, ಸಾಫ್ಟ್‌ವೇರ್ ಕಂಪನಿಯ ಕಾರಿಡಾರ್, ಎಲ್ಲಾ ಕಡೆ ಆ ಚಿತ್ರ ನೇತಾಡುತ್ತೆ.

ತೆಗೆದದ್ದು 1932ರ ಸೆಪ್ಟೆಂಬರ್ 20ರಂದು. ರಾಕ್‌ಫೆಲರ್ ಸೆಂಟರ್‌ನಲ್ಲಿ ಆಗ ಏಳುತ್ತಿದ್ದ ಗಗನಚುಂಬಿಯ 69ನೇ ಮಹಡಿ. ಅದು ಪ್ರಚಾರಕ್ಕೆಂದೇ ತೆಗೆಸಿದ ಚಿತ್ರ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಊಟಕ್ಕೆ ಯಾರೂ ದಿನಾ ಹಾಗೆ ಕೂರುತ್ತಿರಲಿಲ್ಲ, ಫೋಟೋಗೆ ಕೂರಿಸಿದ್ದು. ಆದರೆ ಜನ ನಿಜವಾದ ಕಾರ್ಮಿಕರು, ಎತ್ತರ ನಿಜವಾದ ಎತ್ತರ.

ಇನ್ನೊಮ್ಮೆ ಆ ಫೋಟೋ ಸಿಕ್ಕಾಗ ತಲೆಗಳನ್ನ ನೋಡಿ. ಬಟ್ಟೆ ಟೋಪಿ. ಸೊಂಟ ನೋಡಿ. ಬೆಲ್ಟ್ ಇಲ್ಲ, ಹಗ್ಗ ಇಲ್ಲ. ಕೆಳಗೆ ಬಲೆ ಇಲ್ಲ. ಆ ಕಾಲ ಇದನ್ನ ಗಂಡೆದೆ ಅಂತ ಕರೆಯಿತು. ನಾವೂ ಹಾಗೇ ಕರೆದು ಗೋಡೆಗೆ ಹಾಕಿಕೊಂಡಿದ್ದೇವೆ. ನಾನು ಬೇರೆ ಪ್ರಶ್ನೆ ಕೇಳ್ತೀನಿ. ಈ ಹನ್ನೊಂದು ಜನಕ್ಕೆ ಅಷ್ಟೊಂದು ಧೈರ್ಯ ಬೇಕಾಗಿ ಬಂದಿದ್ದಾದರೂ ಯಾಕೆ? ಯಾರೋ ಒಬ್ಬರು ಹಗ್ಗದ ಖರ್ಚು ಉಳಿಸಿದ್ದರಿಂದ ತಾನೇ?

ಉತ್ತರ ಆ ಫೋಟೋ ತೆಗೆದ ಮೂರೂವರೆ ತಿಂಗಳಲ್ಲೇ ಸಿಗಲು ಶುರುವಾಯಿತು. ಅದೇ ಅಮೆರಿಕದ ಇನ್ನೊಂದು ತುದಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1933ರ ಜನವರಿ 5ರಂದು ಒಂದು ಸೇತುವೆಯ ಕೆಲಸ ಆರಂಭವಾಯಿತು. ಗೋಲ್ಡನ್ ಗೇಟ್ ಸೇತುವೆ. ಹಿಂದಿ ಸಿನಿಮಾ ಹಾಡುಗಳಿಂದ ಹಿಡಿದು ನಿಮ್ಮ ಸಂಬಂಧಿಕರ ಫೇಸ್‌ಬುಕ್ ಫೋಟೋವರೆಗೆ ಬರುವ ಅದೇ ಕೆಂಪು ಸೇತುವೆ. ಅದರ ಅಂದದ ಬಗ್ಗೆ ಸಾಕಷ್ಟು ಮಾತಾಗಿದೆ. ನನಗೆ ಕುತೂಹಲ ಇರೋದು ಅದರ ಕೆಳಗೆ ಕಟ್ಟಿದ್ದ ಒಂದು ಬಲೆಯ ಬಗ್ಗೆ.

ಮೊದಲು ಆ ಕಾಲದ ಒಂದು ಲೆಕ್ಕ ಹೇಳ್ತೀನಿ. ದೊಡ್ಡ ಕಾಮಗಾರಿಗಳಲ್ಲಿ ಪ್ರತಿ 10 ಲಕ್ಷ ಡಾಲರ್ ಖರ್ಚಿಗೆ ಒಂದು ಜೀವ ಹೋಗುತ್ತೆ ಅಂತ ಅಮೆರಿಕದ ಗುತ್ತಿಗೆದಾರರು ಹಿಡಿದುಕೊಂಡಿದ್ದರು. ಯಾವ ಪಠ್ಯಪುಸ್ತಕದ ಸೂತ್ರವೂ ಅಲ್ಲ, ಬಾಯಿಲೆಕ್ಕ. ಸಿಮೆಂಟ್ ಇಷ್ಟು ಟನ್, ಉಕ್ಕು ಇಷ್ಟು ಟನ್, ಹೆಣ ಇಷ್ಟು! ಗೋಲ್ಡನ್ ಗೇಟ್‌ನ ಬಜೆಟ್ 3.5 ಕೋಟಿ ಡಾಲರ್. ಅಂದರೆ ಮೊದಲ ಸಲಾಕೆ ನೆಲಕ್ಕೆ ಬೀಳೋ ಮೊದಲೇ 35 ಜನ ಸಾಯೋದು ಎಲ್ಲರಿಗೂ ‘ಗೊತ್ತಿತ್ತು’. ಯಾರು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಅದು ಮಹಾ ಆರ್ಥಿಕ ಕುಸಿತದ ಕಾಲ ಬೇರೆ. ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲ. ಒಬ್ಬ ಬಿದ್ದು ಸತ್ತರೆ ಅವನ ಜಾಗಕ್ಕೆ ಗೇಟಿನ ಹೊರಗೆ ಹತ್ತು ಜನ ಕಾಯುತ್ತಿದ್ದರು. ಇಂಥ ಸಮಯದಲ್ಲಿ ಕಾರ್ಮಿಕನ ಜೀವಕ್ಕೆ ಬೆಲೆ ಇಡಬೇಕಾದ ದರ್ದು ಯಾವ ಮಾಲೀಕನಿಗೂ ಇರಲಿಲ್ಲ.

ಆದರೂ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಬೆಲೆ ಇಟ್ಟ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಈ ಮನುಷ್ಯ ದೇವರೇನಲ್ಲ. ಸೇತುವೆಯ ಕಷ್ಟದ ಲೆಕ್ಕಾಚಾರವನ್ನೆಲ್ಲ ಮಾಡಿದ್ದು ಚಾರ್ಲ್ಸ್ ಎಲಿಸ್ ಎಂಬ ಪ್ರಾಧ್ಯಾಪಕ. ಸ್ಟ್ರಾಸ್ ಅವನನ್ನ ಕೆಲಸದಿಂದ ತೆಗೆದು, ಹೆಸರನ್ನೂ ಅಳಿಸಿಹಾಕಿದ. ಎಲಿಸ್‌ಗೆ ಅಧಿಕೃತವಾಗಿ ಮನ್ನಣೆ ಸಿಕ್ಕಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸಹೋದ್ಯೋಗಿಯ ವಿಷಯದಲ್ಲಿ ಹೀಗೆ ನಡೆದುಕೊಂಡ ಸ್ಟ್ರಾಸ್, ಕಾರ್ಮಿಕರ ತಲೆಯ ವಿಷಯದಲ್ಲಿ ಮಾತ್ರ ಹಟ ಹಿಡಿದ. ಮನುಷ್ಯರು ಹೀಗೇ, ಪೂರ್ತಿ ಒಳ್ಳೆಯವರು ಸಿಗೋದು ಕಷ್ಟ.

ತಲೆ ಅಂದೆನಲ್ಲ, ಹೆಲ್ಮೆಟ್ಟಿನ ಕಥೆ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಬುಲಾರ್ಡ್ ಅನ್ನೋ ಕುಟುಂಬದ ಒಂದು ಕಂಪನಿ ಇತ್ತು. ಗಣಿ ಕೆಲಸದವರಿಗೆ ದೀಪ, ಸಾಮಾನು ಮಾರುತ್ತಿದ್ದರು. ಮನೆಯ ಮಗ ಎಡ್ವರ್ಡ್ ಬುಲಾರ್ಡ್ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದ. ಬರುವಾಗ ಮನಸ್ಸಿನಲ್ಲಿ ಸೈನಿಕರ ಉಕ್ಕಿನ ಶಿರಸ್ತ್ರಾಣ ಕೂತಿತ್ತು. ಗುಂಡು, ಚೂರುಗಳಿಂದ ಸೈನಿಕನ ತಲೆ ಕಾಯುವುದಾದರೆ, ಕಲ್ಲು ಬೀಳುವ ಗಣಿಯಲ್ಲಿ ಕೂಲಿಯವನ ತಲೆ ಯಾಕೆ ಕಾಯಬಾರದು? 1919ರಲ್ಲಿ ಕ್ಯಾನ್ವಾಸ್ ಬಟ್ಟೆಯನ್ನ ಹಬೆಯಲ್ಲಿ ಬೇಯಿಸಿ, ಅಂಟು ಮೆತ್ತಿ, ಕಪ್ಪು ಬಣ್ಣ ಬಳಿದು ಒಂದು ಟೋಪಿ ಮಾಡಿದ. ಹಬೆಯಲ್ಲಿ ಬೆಂದಿದ್ದಕ್ಕೆ ಅದರ ಹೆಸರೂ ‘ಹಾರ್ಡ್ ಬಾಯಿಲ್ಡ್ ಹ್ಯಾಟ್’. ಗಟ್ಟಿಯಾಗಿ ಬೆಂದ ಟೋಪಿ!

ಇದೇ ಹೊತ್ತಿನ ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ಕೊಲರಾಡೋ ನದಿಗೆ ಹೂವರ್ ಅಣೆಕಟ್ಟು ಕಟ್ಟುತ್ತಿದ್ದರು. ಕಡಿದಾದ ಬಂಡೆಗೋಡೆಯ ಕೆಳಗೆ ಕೆಲಸ. ಮೇಲಿಂದ ಕಲ್ಲು ಬೀಳೋದು ನಿತ್ಯದ ಮಾತು. ಆಡಳಿತ ಹೆಲ್ಮೆಟ್ ಕೊಡುವ ತನಕ ಕಾರ್ಮಿಕರು ಕಾಯಲಿಲ್ಲ. ತಮ್ಮ ಬಟ್ಟೆ ಟೋಪಿಗಳನ್ನ ಟಾರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಗಟ್ಟಿ ಮಾಡಿಕೊಂಡು ಹಾಕಿಕೊಂಡರು. ಅಂಥ ಟೋಪಿ ಹಾಕಿದ್ದವರ ಮೇಲೆ ಕಲ್ಲು ಬಿದ್ದಾಗ ಏನಾಯಿತು ಗೊತ್ತಾ? ಹೊಡೆತಕ್ಕೆ ದವಡೆ ಮುರಿದಿತ್ತು, ತಲೆಬುರುಡೆ ಒಡೆದಿರಲಿಲ್ಲ. ಅದನ್ನ ಕಣ್ಣಾರೆ ಕಂಡ ಮೇಲೆ ಗುತ್ತಿಗೆದಾರ ಕಂಪನಿ ಸಾವಿರಗಟ್ಟಲೆ ಟೋಪಿಗೆ ಆರ್ಡರ್ ಕೊಟ್ಟಿತು. ಹೂವರ್‌ನಲ್ಲಿ ಸತ್ತವರ ಅಧಿಕೃತ ಲೆಕ್ಕ 96.

“ಈ ಲೇಬರ್‌ಗಳಿಗೆ ಹೆಲ್ಮೆಟ್ ಕೊಟ್ರೂ ಹಾಕಲ್ಲ ಸಾರ್” ಅಂತ ನಮ್ಮಲ್ಲಿ ಪ್ರತಿ ಕಾಂಟ್ರಾಕ್ಟರ್ ಹೇಳೋದು ಕೇಳಿದ್ದೀರಲ್ಲ? ಅವರಿಗೆ ಈ ಟಾರಿನ ಟೋಪಿಯ ಕಥೆ ಹೇಳಬೇಕು. ಬದುಕುವ ಆಸೆ ಕೂಲಿಯವನಿಗೆ ಯಾವ ಸೇಫ್ಟಿ ಆಫೀಸರ್‌ಗಿಂತಲೂ ಕಡಿಮೆ ಇರೋದಿಲ್ಲ. ತಲೆಗೆ ಸರಿಯಾಗಿ ಕೂರದ, ಬೆವರು ಇಳಿಸುವ, ಒಬ್ಬ ಬಿಟ್ಟದ್ದನ್ನ ಇನ್ನೊಬ್ಬನಿಗೆ ದಾಟಿಸಿದ ಹಳೇ ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ‘ಹಾಕಲ್ಲ’ ಅಂದರೆ ಹೇಗೆ?

ಮತ್ತೆ ಸೇತುವೆಗೆ ಬರೋಣ. ಸ್ಟ್ರಾಸ್ ಬುಲಾರ್ಡ್ ಕಂಪನಿಯ ಟೋಪಿಯನ್ನ ಎಲ್ಲರಿಗೂ ಕಡ್ಡಾಯ ಮಾಡಿದ. ಹಾಕದಿದ್ದರೆ ಕೆಲಸದಿಂದ ಔಟ್. ತೊಲೆಯ ಮೇಲೆ ಸರ್ಕಸ್ ಮಾಡಿ ಶೋಕಿ ತೋರಿಸಿದವನೂ ಔಟ್. ಕಣ್ಣು ಕುಕ್ಕುವ ಬಿಸಿಲಿಗೆ ಕನ್ನಡಕ, ಚಳಿಗಾಳಿಗೆ ಮುಖ-ಕೈಗೆ ಹಚ್ಚುವ ಕ್ರೀಮ್, ತಲೆಸುತ್ತು ಬಾರದಂತೆ ಊಟದ ಪಥ್ಯ, ಸೈಟಿನಲ್ಲೇ ಒಂದು ಆಸ್ಪತ್ರೆ. ರಾತ್ರಿ ಕುಡಿದು ಬೆಳಗ್ಗೆ ಅಮಲಿನಲ್ಲಿ ಬಂದವರಿಗೆ ಹುಳಿ ಬರಿಸಿದ ಎಲೆಕೋಸಿನ ರಸ ಕುಡಿಸುತ್ತಿದ್ದರು. ನಗಬೇಡಿ. ನಮ್ಮಲ್ಲಿ ಮಜ್ಜಿಗೆ ಕುಡಿಸಿದ ಹಾಗೆ ಅಂದುಕೊಳ್ಳಿ.

ಇವೆಲ್ಲ ಚಿಕ್ಕ ಖರ್ಚು. ದೊಡ್ಡದು ಬಂದಿದ್ದು 1936ರಲ್ಲಿ, ರಸ್ತೆಯ ಭಾಗ ಜೋಡಿಸುವ ಕೆಲಸ ಶುರುವಾದಾಗ. ಆ ರಸ್ತೆ ಸಮುದ್ರದ ನೀರಿನಿಂದ 220 ಅಡಿ ಮೇಲೆ. ಎಂಜಿನಿಯರಿಂಗ್ ಓದಿದವನ ಚಟ, ಲೆಕ್ಕ ಹಾಕದೆ ಇರೋಕಾಗಲ್ಲ. ಅಲ್ಲಿಂದ ಬಿದ್ದವನು ನಾಲ್ಕು ಸೆಕೆಂಡಿನೊಳಗೆ ನೀರು ಮುಟ್ಟುತ್ತಾನೆ, ವೇಗ ಗಂಟೆಗೆ 120 ಕಿಲೋಮೀಟರ್ ಆಸುಪಾಸು. ಆ ವೇಗಕ್ಕೆ ನೀರು ನೀರಾಗಿ ಉಳಿಯಲ್ಲ, ಕಲ್ಲುಚಪ್ಪಡಿ ಆಗಿರುತ್ತೆ. ಸ್ಟ್ರಾಸ್ ಸೇತುವೆಯ ಅಡಿಗೆ ಉದ್ದಕ್ಕೂ ಮನಿಲಾ ಹಗ್ಗದ ಬಲೆ ಕಟ್ಟಿಸಿದ. ಸರ್ಕಸ್‌ನಲ್ಲಿ ಜೋಕಾಲಿ ಕೆಳಗೆ ಕಟ್ಟುತ್ತಾರಲ್ಲ, ಅಂಥದ್ದೇ. ರಸ್ತೆಯ ಅಂಚಿನಿಂದ ಹತ್ತು ಅಡಿ ಆಚೆಗೂ ಚಾಚಿದ ಬಲೆ. ಖರ್ಚು 1 ಲಕ್ಷದ 30 ಸಾವಿರ ಡಾಲರ್. ಕೆಲಸಕ್ಕೇ ಗತಿಯಿಲ್ಲದ ಕಾಲದಲ್ಲಿ ಇದು ದುಂದುವೆಚ್ಚ ಅಂತ ಅನಿಸಿದ್ದರೆ ಆಶ್ಚರ್ಯವಿಲ್ಲ.

ಆ ಬಲೆಗೆ 19 ಜನ ಬಿದ್ದರು. ಹತ್ತೊಂಬತ್ತೂ ಜನ ಬದುಕಿದರು. ಆಮೇಲೆ ಅವರು ತಮ್ಮದೇ ಒಂದು ಸಂಘ ಮಾಡಿಕೊಂಡರು. ಹೆಸರೇನು ಗೊತ್ತಾ? ‘ಹಾಫ್ ವೇ ಟು ಹೆಲ್ ಕ್ಲಬ್’. ನರಕಕ್ಕೆ ಅರ್ಧ ದಾರಿ ಹೋಗಿ ಬಂದವರ ಸಂಘ! ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಮನ ಮನೆ ಬಾಗಿಲು ತಟ್ಟಿ ವಾಪಸ್ ಬಂದವರು. ಖರ್ಚನ್ನ ತಲೆಗೆ ಹಂಚಿದರೆ ಒಂದು ಜೀವಕ್ಕೆ ಏಳು ಸಾವಿರ ಡಾಲರ್ ಕೂಡ ಬೀಳಲಿಲ್ಲ. ಇನ್ನೊಂದು ಲಾಭ ಯಾರೂ ಎಣಿಸದೇ ಇದ್ದದ್ದು. ಕೆಳಗೆ ಬಲೆ ಇದೆ ಅನ್ನೋ ಭರವಸೆಗೆ ಕಾರ್ಮಿಕರ ಕೈಕಾಲು ಚುರುಕಾಯಿತು. ಹೆದರಿ ತಡವರಿಸುವವನಿಗಿಂತ ಹೆದರಿಕೆ ಇಲ್ಲದವನು ಬೇಗ ಕೆಲಸ ಮುಗಿಸುತ್ತಾನೆ. ಬಲೆ ಕಟ್ಟಿದ್ದು ಕರುಣೆಗೋ ವೇಗಕ್ಕೋ ಅಂತ ಚರ್ಚೆ ಮಾಡೋರು ಮಾಡಲಿ, ಬದುಕಿದ 19 ಜನಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

1936ರ ಅಕ್ಟೋಬರ್ ತನಕ, ಅಂದರೆ ಸುಮಾರು ನಾಲ್ಕು ವರ್ಷ, ಆ ಸೇತುವೆಯ ಮೇಲೆ ಒಂದೇ ಒಂದು ಸಾವು ಇರಲಿಲ್ಲ. ಅಕ್ಟೋಬರ್ 21ರಂದು ಮೊದಲನೆಯದು. ಮುಂದಿನ ಫೆಬ್ರವರಿಗೂ ಲೆಕ್ಕ ಒಂದೇ. ಇನ್ನೇನು ಕೆಲಸ ಮುಗೀತು ಅನ್ನುವ ಹೊತ್ತು.

1937ರ ಫೆಬ್ರವರಿ 17ರ ಬೆಳಗ್ಗೆ. ರಸ್ತೆಗೆ ಹಾಕಿದ ಕಾಂಕ್ರೀಟಿನ ಅಡಿಯಲ್ಲಿ ಮರದ ಹಲಗೆಗಳಿದ್ದವು. ನಮ್ಮ ಸೈಟ್ ಭಾಷೆಯಲ್ಲಿ ಸೆಂಟ್ರಿಂಗ್. ಅದನ್ನ ಬಿಚ್ಚುವ ಕೆಲಸ. ಬಿಚ್ಚುವವರಿಗೆ ನಿಲ್ಲಲು ಸೇತುವೆಯ ಕೆಳಭಾಗಕ್ಕೆ ನೇತುಹಾಕಿದ, ಸರಿಸಿಕೊಂಡು ಹೋಗಬಹುದಾದ ಒಂದು ತೂಗುಸಾರುವೆ. ತೂಕ ಐದು ಟನ್. ಅದನ್ನ ಹಿಡಿದಿದ್ದ ಭಾಗ ಕೈಕೊಟ್ಟಿತು. ಹನ್ನೆರಡು ಜನರ ಸಮೇತ ಸಾರುವೆ ಬಲೆಯ ಮೇಲೆ ಬಿತ್ತು. ಬಲೆ ಮಾಡಿದ್ದು ಮನುಷ್ಯನ ಭಾರಕ್ಕೆ, ಐದು ಟನ್ ಕಬ್ಬಿಣ-ಮರಕ್ಕಲ್ಲ. ಬಟ್ಟೆ ಹರಿದ ಹಾಗೆ ಹರಿದುಕೊಂಡು ಎಲ್ಲವೂ ಸಮುದ್ರಕ್ಕೆ ಹೋಯಿತು. ಹತ್ತು ಜನ ಸತ್ತರು. ಇಬ್ಬರು ಮಾತ್ರ ನೀರಿನಿಂದ ಜೀವಂತ ಎದ್ದು ಬಂದರು.

ಮೇ 27ಕ್ಕೆ ಸೇತುವೆ ಜನರಿಗೆ ತೆರೆಯಿತು. ಸತ್ತವರು ಒಟ್ಟು 11.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ನೋಡಿ, ಬಲೆ ಇದ್ದೂ ಸತ್ತರು’ ಅನ್ನೋದು ಸುಲಭದ ಮಾತು. ಬಲೆ ತನ್ನ ಕೆಲಸ 19 ಸಲ ಮಾಡಿತ್ತು. ಫೆಬ್ರವರಿ 17ರಂದು ಸೋತದ್ದು ಸಾರುವೆ. ಆ ಹತ್ತು ಜನರಲ್ಲಿ ಯಾರೂ ಕಾಲು ಜಾರಿದವರಲ್ಲ, ಮೈಮರೆತವರಲ್ಲ, ಕುಡಿದವರಲ್ಲ. ಹೆಲ್ಮೆಟ್ ಹಾಕಿಕೊಂಡು, ಹೇಳಿದ ಜಾಗದಲ್ಲಿ ನಿಂತು, ಹೇಳಿದ ಕೆಲಸ ಮಾಡ್ತಿದ್ದವರು. ಎಷ್ಟು ಎಚ್ಚರವಾಗಿದ್ದರೂ ಕಾಲ ಕೆಳಗಿನ ಹಲಗೆಯ ಲೆಕ್ಕ ತಪ್ಪಿದರೆ ಕಾರ್ಮಿಕ ಏನು ಮಾಡಬೇಕು ಹೇಳಿ?

ಈ ಪ್ರಶ್ನೆ ಹಿಡಿದುಕೊಂಡು ಮೂವತ್ತು ವರ್ಷ ಹಿಂದೆ ಹೋದರೆ ಕೆನಡಾದ ಕ್ವಿಬೆಕ್ ಸೇತುವೆ ಸಿಗುತ್ತೆ. ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ಉಕ್ಕಿನ ಸೇತುವೆ. ಸಲಹೆಗಾರ ಎಂಜಿನಿಯರ್ ಥಿಯೋಡರ್ ಕೂಪರ್, ಆ ಕಾಲದ ದೊಡ್ಡ ಹೆಸರು. ಕೂತಿದ್ದದ್ದು ನ್ಯೂಯಾರ್ಕ್‌ನಲ್ಲಿ. ಉಕ್ಕಿನ ಕೆಲಸ ಶುರುವಾದ ಮೇಲೆ ಒಂದೇ ಒಂದು ಸಲವೂ ಸೈಟಿಗೆ ಬರಲಿಲ್ಲ. ನಡುವಿನ ಅಂತರವನ್ನ 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದರು, ಆದರೆ ಸೇತುವೆಯ ಸ್ವಂತ ಭಾರ ಎಷ್ಟು ಹೆಚ್ಚುತ್ತೆ ಅನ್ನೋದನ್ನ ಹೊಸದಾಗಿ ಲೆಕ್ಕ ಹಾಕಲಿಲ್ಲ. ಮೊದಲ ವರ್ಷದ ಹುಡುಗ ಮಾಡಿದರೂ ಪರೀಕ್ಷೆಯಲ್ಲಿ ಕೆಂಪು ಇಂಕಿನ ಗೆರೆ ಬೀಳುವಂಥ ತಪ್ಪು ಇದು.

1907ರ ಆಗಸ್ಟ್‌ನಲ್ಲಿ ಕೆಳಗಿನ ಒಂದು ಉಕ್ಕಿನ ತೊಲೆ ಬಾಗತೊಡಗಿತು. ಮೊದಲು ಮುಕ್ಕಾಲು ಇಂಚು. ಆಗಸ್ಟ್ 27ಕ್ಕೆ ಎರಡು ಇಂಚು. ಸೈಟಿನಲ್ಲಿದ್ದ ಯುವ ಎಂಜಿನಿಯರ್ ನಾರ್ಮನ್ ಮೆಕ್‌ಲೂರ್ ಅಳೆದು, ಗಾಬರಿಯಾಗಿ, ರೈಲು ಹತ್ತಿ ನ್ಯೂಯಾರ್ಕ್‌ಗೆ ಹೋದ. ಆಗಸ್ಟ್ 29ರ ಬೆಳಗ್ಗೆ ಕೂಪರ್ ಎದುರು ನಿಂತು ವಿಷಯ ಹೇಳಿದ. ಕೂಪರ್‌ಗೆ ಅರ್ಥವಾಯಿತು. ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಅಂತ ಟೆಲಿಗ್ರಾಂ ಕಳಿಸಿದ. ಯಾರಿಗೆ? ಕ್ವಿಬೆಕ್‌ನ ಸೈಟಿಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಉಕ್ಕಿನ ಕಂಪನಿಯ ಕಚೇರಿಗೆ. ಅಲ್ಲಿನವರು ನಾಳೆ ಬೆಳಗ್ಗೆ ಕೂತು ಮಾತಾಡೋಣ ಅಂದುಕೊಂಡರು. ಅದೇ ಸಂಜೆ, ದಿನದ ಕೆಲಸ ಮುಗಿಯುವ ಹೊತ್ತಿಗೆ, ಸೇತುವೆ ಕುಸಿಯಿತು. ಮೇಲಿದ್ದ 86 ಜನರಲ್ಲಿ 75 ಜನ ಹೋದರು. ಅವರಲ್ಲಿ 33 ಜನ ಕಾನವಾಕೆ ಎಂಬ ಒಂದೇ ಊರಿನ ಮೋಹಾಕ್ ಬುಡಕಟ್ಟಿನವರು. ಒಂದೇ ಸಂಜೆ ಒಂದೇ ಊರಿನ 33 ಮನೆಗಳಲ್ಲಿ ದೀಪ ಆರಿತು ಅಂದರೆ ಊಹಿಸಿಕೊಳ್ಳಿ.

ಕೆನಡಾದಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಕಿರುಬೆರಳಿಗೆ ಒಂದು ಕಬ್ಬಿಣದ ಉಂಗುರ ಹಾಕಿಕೊಳ್ಳುತ್ತಾರೆ. 1925ರಿಂದ ಬಂದ ಸಂಪ್ರದಾಯ. ಡ್ರಾಯಿಂಗ್ ಮಾಡುವಾಗ ಅದು ಮೇಜಿಗೆ ತಾಗಿ ನೆನಪಿಸುತ್ತಿರಬೇಕು ಅನ್ನೋದು ಭಾವನೆ. ಆ ಕುಸಿದ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನ ಮಾಡಿದರು ಅನ್ನೋ ಕಥೆ ವಾಟ್ಸಾಪ್‌ನಲ್ಲಿ ಓಡಾಡುತ್ತೆ, ಅದು ನಿಜವಲ್ಲ. ನಾವು ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ. ಫೋಟೋಗೆ ಹಾರ ಹಾಕಿ ಎಂಜಿನಿಯರ್ಸ್ ಡೇ ಮಾಡ್ತೀವಿ. ಅದೂ ಇರಲಿ, ಜೊತೆಗೆ ಒಂದು ಉಂಗುರವೂ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಲೆಕ್ಕ ತಪ್ಪಿ ಕೊಂದದ್ದು ಕ್ವಿಬೆಕ್. ಆತುರಪಟ್ಟು ಕೊಂದದ್ದು ವಿಲೋ ಐಲ್ಯಾಂಡ್. ಇದನ್ನ ಹೇಳದೆ ನಮ್ಮೂರಿಗೆ ಬರೋಕಾಗಲ್ಲ, ಯಾಕಂದ್ರೆ ನಮ್ಮ ಬೀದಿಗಳಲ್ಲಿ ದಿನಾ ನಡೆಯುವ ತಪ್ಪು ಇದೇ.

1978, ಅಮೆರಿಕದ ವೆಸ್ಟ್ ವರ್ಜೀನಿಯಾ. ವಿದ್ಯುತ್ ಸ್ಥಾವರಕ್ಕೆ ದೊಡ್ಡ ಕೂಲಿಂಗ್ ಟವರ್. ರಾಯಚೂರಿನ ಶಕ್ತಿನಗರದ ಕಡೆ ಹೋದವರಿಗೆ ಉಷ್ಣ ಸ್ಥಾವರ ಅಂದರೆ ಎಂಥಾ ಗಾತ್ರದ ಕಟ್ಟಡಗಳು ಅಂತ ಗೊತ್ತಿರುತ್ತೆ. ದಿನಕ್ಕೊಂದು ಸುತ್ತು ಕಾಂಕ್ರೀಟ್ ಹಾಕುತ್ತಾ ಮೇಲೇರುತ್ತಿದ್ದರು. ಸಾರುವೆಯನ್ನ ನೆಲದಿಂದ ಎಬ್ಬಿಸಿರಲಿಲ್ಲ, ಕಟ್ಟಿದ ಗೋಡೆಗೇ ಬೋಲ್ಟ್ ಹಾಕಿ ನಿಲ್ಲಿಸಿದ್ದರು. ಅಂದರೆ ನಿನ್ನೆ ಹಾಕಿದ ಕಾಂಕ್ರೀಟ್ ಇವತ್ತು ಜನರನ್ನೂ ಸಾರುವೆಯನ್ನೂ ಹೊರಬೇಕು. ಏಪ್ರಿಲ್ 27ರ ಹಿಂದಿನ ರಾತ್ರಿ ಚಳಿ. ಚಳಿಯಲ್ಲಿ ಕಾಂಕ್ರೀಟ್ ಗಟ್ಟಿಯಾಗೋದು ನಿಧಾನ. ಬೆಳಗ್ಗೆ ಕೆಲಸ ಶುರುವಾಯಿತು, ಮೇಲಿನ ಸುತ್ತು ಕಳಚಿಕೊಂಡಿತು, 166 ಅಡಿ ಎತ್ತರದಿಂದ ಸಾರುವೆ ಸುತ್ತಲೂ ಸುಲಿದುಕೊಂಡು ಕೆಳಗೆ ಬಿತ್ತು. 51 ಜನ. ಒಬ್ಬನೂ ಉಳಿಯಲಿಲ್ಲ. ಒಂದೇ ಕುಟುಂಬದ ಅಣ್ಣ-ತಮ್ಮ, ಮಾವ-ಅಳಿಯ ಅಂತ ಹತ್ತಕ್ಕೂ ಹೆಚ್ಚು ಜನ ಅದರಲ್ಲಿದ್ದರು. ತನಿಖೆ ಹೇಳಿದ್ದು ಒಂದೇ ಮಾತು, ಆ ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು.

ನಮ್ಮಲ್ಲಿ ಮೋಲ್ಡ್ ಹಾಕಿಸಿದ ಮೇಲೆ ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಅನ್ನೋದಕ್ಕೆ ಭಾರತೀಯ ಮಾನಕ ಇದೆ. ಐಎಸ್ 456. ಮಾಮೂಲಿ ಸಿಮೆಂಟ್, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬ್‌ನ ಕೆಳಗಿನ ಆಧಾರದ ಕಂಬಗಳನ್ನ ಕನಿಷ್ಠ 7 ದಿನ ತೆಗೀಬಾರದು. ಅದಕ್ಕಿಂತ ಅಗಲವಿದ್ದರೆ 14 ದಿನ. ಆರು ಮೀಟರ್ ದಾಟಿದ ತೊಲೆಗೆ 21 ದಿನ. ಆದರೆ ಸೆಂಟ್ರಿಂಗ್ ಸಾಮಾನು ದಿನಬಾಡಿಗೆಯದು. ಒಂದೊಂದು ದಿನವೂ ದುಡ್ಡು. ಇನ್ನೊಂದು ಸೈಟಿಗೆ ಶೀಟು-ಜಾಕಿ ಬೇಕು ಅಂತ ಫೋನ್ ಬರುತ್ತಾ ಇರುತ್ತೆ. ಆಮೇಲೆ ಏನಾಗುತ್ತೆ ಅಂತ ನಾನು ಹೇಳಬೇಕಾ?

ಭಾರತದಲ್ಲಿ ಕಟ್ಟಡ ಕಾರ್ಮಿಕನನ್ನ ಕಾನೂನು ಮೊದಲ ಸಲ ಗಂಭೀರವಾಗಿ ಕಣ್ಣೆತ್ತಿ ನೋಡಿದ್ದು 1982ರಲ್ಲಿ. ದೆಹಲಿಯ ಏಷ್ಯನ್ ಗೇಮ್ಸ್ ನೆನಪಿದೆಯಾ? ಮನೆಗೆ ಕಲರ್ ಟಿವಿ ತಂದ ಗೇಮ್ಸ್. ಅದಕ್ಕಾಗಿ ಸ್ಟೇಡಿಯಂ, ಫ್ಲೈಓವರ್ ಎಲ್ಲ ರಾತ್ರಿ-ಹಗಲು ಏಳುತ್ತಿದ್ದವು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ, ಅದರಲ್ಲಿ ಒಂದು ರೂಪಾಯಿ ಜಮಾದಾರನ ಜೇಬಿಗೆ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಆ ಪತ್ರವೇ ರಿಟ್ ಅರ್ಜಿಯಾಯಿತು. 1982ರ ಸೆಪ್ಟೆಂಬರ್ 18ರ ತೀರ್ಪು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದು ಬಲವಂತದ ದುಡಿಮೆ ಅಂತ ಹೇಳಿತು. ಇನ್ನೂ ಒಂದು ಮಾತು ಹೇಳಿತು, ಅದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಕಟ್ಟಡ ಕೆಲಸ ಅಪಾಯಕಾರಿ ಕೆಲಸ, ಬಾಲಕಾರ್ಮಿಕ ಕಾನೂನಿನ ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೂ ಸಂವಿಧಾನದ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನ ಅಲ್ಲಿಗೆ ಸೇರಿಸೋ ಹಾಗಿಲ್ಲ. ಬೆಂಕಿಪೊಟ್ಟಣದ ಕೆಲಸ ಅಪಾಯ ಅಂತ ಸರ್ಕಾರಕ್ಕೆ ಗೊತ್ತಿತ್ತು. ಹತ್ತನೇ ಮಹಡಿಯ ಹಲಗೆ ಅಪಾಯ ಅಂತ ಕೋರ್ಟ್ ಹೇಳಬೇಕಾಯಿತು!

ಆ ತೀರ್ಪಿಗೆ ಒಂದು ವರ್ಷ ತುಂಬಲು ಇನ್ನೂ ಆರು ದಿನ ಇತ್ತು. 1983ರ ಸೆಪ್ಟೆಂಬರ್ 12. ಬೆಂಗಳೂರಿನ ಗಾಂಧಿನಗರ, ಕಪಾಲಿ ಥಿಯೇಟರ್ ಪಕ್ಕ. ಕೆಲಸ ನಡೆಯುತ್ತಿದ್ದ ಏಳು ಅಂತಸ್ತಿನ ಗಂಗಾರಾಂ ಕಟ್ಟಡ ಕುಸಿದು ಬಿತ್ತು. 120ಕ್ಕೂ ಹೆಚ್ಚು ಜನ ಸತ್ತರು. ಈಗ ಕಪಾಲಿ ಥಿಯೇಟರೂ ಇಲ್ಲ. ಬೆಂಗಳೂರಿನ ಹಳಬರನ್ನ ಕೇಳಿ, ‘ಗಂಗಾರಾಂ ಬಿಲ್ಡಿಂಗ್’ ಅಂದ ತಕ್ಷಣ ಅವರ ಮುಖ ಬದಲಾಗುತ್ತೆ. ನಾನು ಹುಟ್ಟುವ ಮೊದಲಿನ ಘಟನೆ, ಆದರೂ ನಮ್ಮ ಮನೆಯಲ್ಲಿ ಕಟ್ಟಡದ ಮಾತು ಬಂದರೆ ದೊಡ್ಡವರ ಬಾಯಲ್ಲಿ ಆ ಹೆಸರು ಬರದೆ ಇರುತ್ತಿರಲಿಲ್ಲ.

ಕಟ್ಟಡ ಕಾರ್ಮಿಕರಿಗೆಂದೇ ಕಾಯ್ದೆ ಬರಲು ಅಲ್ಲಿಂದ ಇನ್ನೂ ಹದಿಮೂರು ವರ್ಷ ಹಿಡಿಯಿತು. 1996ರಲ್ಲಿ ಸಂಸತ್ತು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಮಾಡಿತು. ಕರ್ನಾಟಕ ಅದಕ್ಕೆ ನಿಯಮ ಬರೆದದ್ದು 2006ರಲ್ಲಿ. ಮಂಡಳಿ ರಚನೆಯಾಗಿದ್ದು 2007ರಲ್ಲಿ. ಒಂದು ಮಗು ಹುಟ್ಟಿ ಹೈಸ್ಕೂಲಿಗೆ ಹೋಗುವಷ್ಟು ಸಮಯ. ಕಾಯ್ದೆ ಕೆಟ್ಟದ್ದೇನಾಗಿರಲಿಲ್ಲ, ಬಲೆ, ಬೆಲ್ಟ್, ಹೆಲ್ಮೆಟ್, ಸಾರುವೆ ಎಲ್ಲದರ ಬಗ್ಗೆಯೂ ಅದರ ನಿಯಮಗಳಲ್ಲಿ ಇತ್ತು. ಜೊತೆಗೆ ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್, ಕಾರ್ಮಿಕರ ಕಲ್ಯಾಣಕ್ಕೆ. ಆ ಹಣದ ಗತಿ ಏನಾಯಿತು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ವಿಚಾರಿಸಿದಾಗ ಹೊರಬಂದದ್ದು ಕೇಳಿ. ದೇಶದಾದ್ಯಂತ ಸಂಗ್ರಹವಾಗಿದ್ದು ಸುಮಾರು 29 ಸಾವಿರ ಕೋಟಿ. ಅದರಲ್ಲಿ ಕಾರ್ಮಿಕರಿಗೆ ತಲುಪಿದ್ದು ಚೂರುಪಾರು. ಆ ದುಡ್ಡಿನಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಕೊಂಡಿದ್ದರು. ಇಟ್ಟಿಗೆ ಹೊರುವವಳಿಗೆ ವಾಷಿಂಗ್ ಮಷೀನ್ ಎಲ್ಲಿಡಬೇಕು? ತಗಡಿನ ಶೆಡ್‌ನಲ್ಲಾ?

ಸೆಸ್ಸಿನ ಕಥೆ ಎಲ್ಲರಿಗೂ ಸಿಟ್ಟು ಬರಿಸುತ್ತೆ. ನನಗೆ ಅದಕ್ಕಿಂತ ಚುಚ್ಚೋದು ಆ ಕಾಯ್ದೆಯೊಳಗಿನ ಒಂದು ಅಂಕಿ. ಸೇಫ್ಟಿ ಆಫೀಸರ್ ಇರಬೇಕಾಗಿದ್ದದ್ದು, ಸುರಕ್ಷತಾ ಸಮಿತಿ ಇರಬೇಕಾಗಿದ್ದದ್ದು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ. 2020ರ ಹೊಸ ಸಂಹಿತೆ ಆಫೀಸರ್‌ನ ವಿಷಯದಲ್ಲಿ ಅದನ್ನ 250ಕ್ಕೆ ಇಳಿಸಿತು. ಮೆಟ್ರೋ ಕಾಮಗಾರಿಯಲ್ಲಿ 500 ಜನ ಇರ್ತಾರೆ, ದೊಡ್ಡ ಟೆಕ್ ಪಾರ್ಕ್‌ನಲ್ಲೂ ಇರ್ತಾರೆ. ನಿಮ್ಮ ಪಕ್ಕದ 30-40 ಸೈಟಿನಲ್ಲಿ ಮೂರು ಮಹಡಿ ಬಾಡಿಗೆ ಮನೆ ಏಳ್ತಿದೆಯಲ್ಲ, ಅಲ್ಲಿ ಎಷ್ಟು ಜನ ಇದ್ದಾರೆ? ಒಬ್ಬ ಮೇಸ್ತ್ರಿ, ನಾಲ್ಕು ಗಾರೆಯವರು, ಬಾಂಡ್ಲಿ ಹೊರುವ ಮೂವರು ಹೆಂಗಸರು. ಯಾದಗಿರಿ ಕಡೆಯವರೋ, ರಾಯಚೂರು ಕಡೆಯವರೋ. ಹತ್ತು ಜನ ಇಲ್ಲದಿದ್ದರೆ 1996ರ ಕಾಯ್ದೆ ಆ ಸೈಟಿನ ಗೇಟನ್ನೂ ದಾಟುತ್ತಿರಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಬಿದ್ದದ್ದೂ ಇನ್ನೂ ಕಟ್ಟುತ್ತಿದ್ದ ಕಟ್ಟಡವೇ. ಎರಡೂ ಮೆಟ್ರೋ ಅಲ್ಲ, ಟೆಕ್ ಪಾರ್ಕ್ ಅಲ್ಲ.

ಇಂಥ ಚಿಕ್ಕ ಸೈಟಿನಲ್ಲಿ ರಕ್ಷಣೆ ಅಂತ ಏನೂ ಇರಲ್ಲ ಅಂದರೆ ತಪ್ಪಾಗುತ್ತೆ. ಇರುತ್ತೆ. ಮೊದಲ ಮಹಡಿಗೆ ದೃಷ್ಟಿಬೊಂಬೆ ಕಟ್ಟಿರ್ತಾರೆ, ಮೀಸೆ ತಿರುವಿ ನಾಲಗೆ ಚಾಚಿದ್ದು. ಬೂದುಗುಂಬಳ ನೇತಾಡ್ತಿರುತ್ತೆ. ಗುದ್ದಲಿ ಪೂಜೆ ಮುಹೂರ್ತ ಬಿಟ್ಟು ಒಂದು ನಿಮಿಷ ಆಚೀಚೆ ಆಗಿರಲ್ಲ. ಇದನ್ನ ಹಂಗಿಸಲು ಹೇಳ್ತಿಲ್ಲ, ನಮ್ಮ ಮನೆಗೂ ಕಟ್ಟಿಸಿದ್ದೇವೆ. ಕಟ್ಟಡಕ್ಕೆ ಕೆಟ್ಟ ಕಣ್ಣು ಬೀಳಬಾರದು ಅಂತ ಖರ್ಚು ಮಾಡುವ ಮನಸ್ಸು ನಮಗಿದೆ ಅನ್ನೋದಕ್ಕೆ ಹೇಳಿದೆ.

ಮನೆ ಕಟ್ಟಿಸಲು ಹೊರಟಾಗ ಕಾಂಟ್ರಾಕ್ಟರ್ ಒಂದು ಕೊಟೇಶನ್ ಕೊಡ್ತಾನೆ. ಚದರಡಿಗೆ ಇಷ್ಟು. ಕೆಳಗೆ ಪಟ್ಟಿ, ಸಿಮೆಂಟ್ ಯಾವ ಕಂಪನಿಯದು, ಕಬ್ಬಿಣ ಎಷ್ಟು ಎಂಎಂ, ಬಾತ್‌ರೂಮಿಗೆ ಯಾವ ಟೈಲ್ಸ್, ನಲ್ಲಿ ಯಾವ ಬ್ರಾಂಡು, ಸ್ವಿಚ್ಚು ಯಾವುದು. ಎಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ಸಂಬಂಧಿಕರು, ಸ್ನೇಹಿತರು ಇಂಥ ಪಟ್ಟಿಗಳನ್ನ ನನಗೆ ಕಳಿಸ್ತಾ ಇರ್ತಾರೆ. ಬಲೆ, ಸೊಂಟದ ಬೆಲ್ಟು, ಅಂಚಿಗೆ ತಡೆಗಂಬಿ, ಲಿಫ್ಟ್ ಗುಂಡಿಗೆ ಮುಚ್ಚಳ, ಈ ಸಾಲು ಇರುವ ಕೊಟೇಶನ್ ಇದುವರೆಗೆ ನನ್ನ ಕೈಗೆ ಬಂದಿಲ್ಲ. ಅದನ್ನ ಬರೆಸಬೇಕಾದವರು ಯಾರು? ಮೇಲೆ ಹಲಗೆ ಮೇಲೆ ನಿಂತು ಗಾರೆ ಮೆತ್ತುವವನಂತೂ ಅಲ್ಲ, ಆ ಕಾಗದ ಅವನ ಕಣ್ಣಿಗೇ ಬೀಳಲ್ಲ. ಕಾಂಟ್ರಾಕ್ಟರ್ ಬರೆದರೆ ಅವನ ರೇಟು ಪಕ್ಕದವನಿಗಿಂತ ಹೆಚ್ಚು ಕಾಣುತ್ತೆ, ಕೆಲಸ ಕೈತಪ್ಪುತ್ತೆ. ಉಳಿದವರು ಸೈನ್ ಹಾಕುವ ನೀವು.

ಎಷ್ಟಾಗಬಹುದು? ಗೋಲ್ಡನ್ ಗೇಟ್‌ನ ಬಲೆಗೆ ಬಿದ್ದ ಖರ್ಚು ಇಡೀ ಬಜೆಟ್ಟಿನ ಶೇಕಡಾ 0.37. ಅದೇ ಪ್ರಮಾಣ ಹಿಡಿದರೆ 50 ಲಕ್ಷದ ಮನೆಗೆ ಹದಿನೆಂಟೂವರೆ ಸಾವಿರ ರೂಪಾಯಿ. ಗೃಹಪ್ರವೇಶದ ಶಾಮಿಯಾನ, ಕುರ್ಚಿ, ಅಡುಗೆಯವರ ಅಡ್ವಾನ್ಸ್ ಅದಕ್ಕಿಂತ ಜಾಸ್ತಿ ಆಗಿರುತ್ತೆ. ಮುಂದಿನ ಸಲ ಕೊಟೇಶನ್ ಕೈಗೆ ಬಂದಾಗ ಟೈಲ್ಸ್‌ನ ಸಾಲಿನ ಮೇಲೆ ಜಾಗ ಮಾಡಿ ಇದನ್ನ ಬರೆಸಿ, ಬರೆಸಿದ ಮೇಲೆ ವಾರಕ್ಕೊಮ್ಮೆ ಹೋಗಿ ಬೆಲ್ಟು ಸೊಂಟದಲ್ಲಿದೆಯೋ ಸ್ಟೋರ್‌ರೂಮಿನ ಮೊಳೆಗೆ ನೇತಾಡ್ತಿದೆಯೋ ಅಂತ ನೋಡಿ ಬನ್ನಿ.